ಬೀಳುವವರ ಬೀದಿ: ದುರಸ್ತಿಯ ಬೋರ್ಡು

ಮಾತ್ರೆ ಕರವಸ್ತ್ರದ ಗಂಟಿನಿಂದ ಜಾರಿ, ನೆಲಕ್ಕೆ ಟಿಣ್ಣನೆ ಬಡಿದು, ಉರುಳುತ್ತ ಹೋಗಿ ಫ್ರಿಜ್ಜಿನ ಕಾಲಿಗೆ ತಗುಲಿ ನಿಂತಿತು.

ಅತ್ತೆ ತಮಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕಿಟಕಿಯ ಕಡೆ ತಿರುಗಿ, ಆಚೆ ಮನೆಯ ಬೆಕ್ಕನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಡಾಕ್ಟರಮ್ಮ ಬಗ್ಗಿ ಮಾತ್ರೆ ಎತ್ತಿಕೊಂಡರು.

"ಅತ್ತೆ, ಇದೇನು?"

"ಯಾವುದು?"

"ನಿಮ್ಮ ಬಿ.ಪಿ. ಮಾತ್ರೆ. ಈಗ ತಾನೆ ನಾನೇ ನಿಮ್ಮ ಅಂಗೈಗೆ ಹಾಕಿದ್ದು. ನೀವು ಬಾಯಿಗೆ ಹಾಕ್ಕೊಂಡಿದ್ದನ್ನೂ ನೋಡಿದೆ."

"ಹಾಕ್ಕೊಂಡೆ. ನುಂಗಿದೆ ಅಂತ ಯಾರು ಹೇಳಿದ್ರು?"

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. ನಗರದ ಆರೋಗ್ಯ ಕಚೇರಿಯ ಹಿರಿಯ ಡಾಕ್ಟರು ಅವರು. ಹಾಲಿಗೆ ನೀರು ಬೆರೆಸಿದವರು, ಕಾರ್ಖಾನೆಯ ಕೊಳಚೆಯನ್ನು ಕೆರೆಗೆ ಬಿಟ್ಟವರು, ಹೀಗೆ ಎಂಥೆಂಥ ಘಟಾನುಘಟಿಗಳ ಬಾಯನ್ನೂ ಬಿಡಿಸಿದ್ದರು. ತಮ್ಮ ಅಡಿಗೆಮನೆಯಲ್ಲೇ ನಡೆಯುತ್ತಿದ್ದ ಕಳ್ಳತನ ಮಾತ್ರ ಇವತ್ತಿನವರೆಗೆ ಅವರ ಕಣ್ಣಿಗೆ ಬಿದ್ದಿರಲಿಲ್ಲ.

"ಯಾವಾಗಿನಿಂದ ಇದು?"

"ಕೊಲೆ ಮಾಡಿದೋಳನ್ನ ಕೇಳೋ ಹಾಗೆ ಕೇಳ್ತೀಯಲ್ಲ!"

"ಅತ್ತೆ."

"ನಡಿಗೆ ಬೀದಿ ಆದಾಗಿನಿಂದ," ಎಂದು ಅತ್ತೆ ಒಪ್ಪಿಕೊಂಡರು. ಮುಖದಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ.

ನಡಿಗೆ ಬೀದಿ ಎಂದರೆ ಇಡೀ ನಗರದ ಬಾಯಲ್ಲಿರುವ ಬೀದಿ. ಮಾರುಕಟ್ಟೆಯ ನಡುವಿನಿಂದ ವಾಹನಗಳನ್ನೆಲ್ಲ ಹೊರಗಟ್ಟಿ, ಮರ ನೆಟ್ಟು, ಬೆಂಚು ಹಾಕಿ, ನಡೆಯುವವರಿಗೇ ಬಿಟ್ಟುಕೊಟ್ಟ ಮೇಲೆ ಅಲ್ಲಿ ವಯಸ್ಸಾದವರು ಒಬ್ಬರ ಹಿಂದೊಬ್ಬರು ಬೀಳತೊಡಗಿದ್ದರು. ಇವತ್ತು ಸಂಜೆ ನಗರಸಭೆ ಕರೆದಿದ್ದ ಸಭೆಯೊಳಗೆ ಕಾರಣ ಪತ್ತೆಯಾಗದಿದ್ದರೆ ಬೀದಿ ಮತ್ತೆ ಕಾರುಗಳ ಪಾಲಾಗುವುದು ಖಂಡಿತವಾಗಿತ್ತು. ಅದನ್ನು ರೂಪಿಸಿದವನು ಡಾಕ್ಟರಮ್ಮನ ಸ್ವಂತ ತಮ್ಮ, ನಗರ ಯೋಜನೆಯ ಎಂಜಿನಿಯರು. ಹಾಗಾಗಿ ಈ ಪತ್ತೇದಾರಿಕೆ ಡಾಕ್ಟರಮ್ಮನಿಗೆ ಬರೀ ಕಚೇರಿಯ ಕೆಲಸವಾಗಿರಲಿಲ್ಲ.

"ಬೀದಿಗೂ ಮಾತ್ರೆಗೂ ಏನು ಸಂಬಂಧ?"

"ನೀನು ಡಾಕ್ಟರು, ನಿನಗೆ ನಾನು ಹೇಳ್ಬೇಕಾ? ಅದು ಮೈಯಿಂದ ನೀರು ಇಳಿಸೋ ಮಾತ್ರೆ. ನುಂಗಿದ್ರೆ ಗಳಿಗೆಗೊಂದು ಸಲ ಬಚ್ಚಲಿಗೆ ಓಡಬೇಕು. ಬೀದೀಲಿ ನಮ್ಮ ಬೆಂಚಿನೋರ ಜೊತೆ ಕೂತಿರ್ತೀನಿ. ಎಲ್ಲಿಗೆ ಓಡ್ಲಿ? ಈ ವಯಸ್ಸಲ್ಲಿ ಮರದ ಹಿಂದೆ ಹೋಗ್ಲಾ?"

"ಅದಕ್ಕೇನಾ ಬೆಳಿಗ್ಗೆ ಕಾಫಿ ಬೇಡ, ನೀರು ಬೇಡ ಅನ್ನೋದು? ನಾನು ಹೊಟ್ಟೆ ಸರಿಯಿಲ್ಲ ಅಂದ್ಕೊಂಡಿದ್ದೆ."

"ಒಂದು ತೊಟ್ಟೂ ಮುಟ್ಟಲ್ಲ. ನಾನೊಬ್ಬಳೇ ಅಲ್ಲ, ನಮ್ಮ ಬೆಂಚಿನೋರೆಲ್ಲ ಹಾಗೇ. ಮನೆಗೆ ಬಂದ ಮೇಲೆ ಬೆಳಗಿಂದೂ ಮಧ್ಯಾಹ್ನದ್ದೂ ಸೇರಿಸಿ ನುಂಗಿಬಿಡ್ತೀವಿ. ಸರಿ ಹೋಯ್ತಲ್ಲ!"

ಡಾಕ್ಟರಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಬೀದೀಲಿ ಶೌಚಾಲಯ ಇದೆಯಲ್ಲ ಅತ್ತೆ. ಅಷ್ಟು ಚೆನ್ನಾಗಿ ಕಟ್ಟಿಸಿದ್ದಾನೆ ನನ್ನ ತಮ್ಮ."

"ಇದೆ. ಅದರ ಬಾಗಿಲಿಗೆ ಒಂದು ಬೋರ್ಡೂ ಇದೆ. 'ದುರಸ್ತಿಯಲ್ಲಿದೆ.' ನಾವು ಯಾವತ್ತು ಹೋದ್ರೂ ದುರಸ್ತಿಯಲ್ಲೇ ಇರುತ್ತೆ."

ಡಾಕ್ಟರಮ್ಮ ಥಟ್ಟನೆ ಎದ್ದು ಸ್ಕೆಚ್ ಪೆನ್ನು ಹುಡುಕಿದರು. ಕಚೇರಿಯಲ್ಲಿ ಅವರಿಗೆ ಬಾಣದ ಡಾಕ್ಟರಮ್ಮ ಎಂದು ಹೆಸರು. ಯಾವ ಕಾಯಿಲೆಯ ಸುದ್ದಿ ಬಂದರೂ ಮೊದಲು ಒಂದು ಗೋಡೆ ಹಿಡಿದು, ಯಾವುದರಿಂದ ಯಾವುದು ಎಂದು ಬಾಣ ಎಳೆಯುತ್ತ ಕೂರುವುದು ಅವರ ರೂಢಿ. ಕಾರಣ ಎನ್ನುವುದು ನೆಟ್ಟಗೆ ಹೋಗುವ ದಾರಿಯಲ್ಲ, ಸುತ್ತಿ ಬಳಸಿ ಹೊರಟಲ್ಲಿಗೇ ಬಂದು ಸೇರುತ್ತದೆ ಎಂದು ಅವರ ಹಟ. ಮನೆಯಲ್ಲಿ ಗೋಡೆ ಮುಟ್ಟಲು ಅತ್ತೆ ಬಿಡುತ್ತಿರಲಿಲ್ಲವಾದ್ದರಿಂದ ಫ್ರಿಜ್ಜಿನ ಬಿಳಿ ಬಾಗಿಲು ಆ ಕೆಲಸಕ್ಕೆ ಬಂದಿತ್ತು.

ಕಳೆದ ವಾರವೆಲ್ಲ ಅವರು ಹೊಸ ಕಲ್ಲುಹಾಸನ್ನೇ ಅನುಮಾನಿಸಿದ್ದರು. ಹಳೆಯ ಚಪ್ಪಲಿ ಮೆಟ್ಟಿ, ನೀರು ಸುರಿದು, ತಾವೇ ಜಾರಿ ನೋಡಿ ಮಂಡಿ ತರಚಿಕೊಂಡದ್ದೂ ಆಗಿತ್ತು. ಕಲ್ಲು ಜಾರುತ್ತಿರಲಿಲ್ಲ. ಒಂದು ವಿಷಯ ಮಾತ್ರ ಅವರ ತಲೆಯಲ್ಲಿ ಕೊರೆಯುತ್ತಿತ್ತು: ಬಿದ್ದವರಲ್ಲಿ ಹೆಚ್ಚಿನವರು ನಡೆಯುತ್ತ ಬಿದ್ದಿರಲಿಲ್ಲ, ಬೆಂಚಿನಿಂದ ಎದ್ದ ಕೂಡಲೇ ಬಿದ್ದಿದ್ದರು.

ಈಗ ಪೆನ್ನು ತಾನಾಗಿ ಓಡಿತು. ಶೌಚಾಲಯವಿಲ್ಲ, ಆದ್ದರಿಂದ ಮಾತ್ರೆ ನುಂಗುವುದಿಲ್ಲ, ನೀರೂ ಕುಡಿಯುವುದಿಲ್ಲ. ಬೀದಿಯಿಂದ ಹಾಗೇ ಆಸ್ಪತ್ರೆಗೆ ಹೋಗಿ ಬಿ.ಪಿ. ಅಳೆಸಿದರೆ ಏರಿರುತ್ತದೆ. ಅಲ್ಲಿನ ಡಾಕ್ಟರು ಮಾತ್ರೆ ಸಾಲದೆಂದು ಇನ್ನೂ ಜೋರಾದದ್ದು ಬರೆಯುತ್ತಾರೆ. ಅದನ್ನು ಮನೆಯಲ್ಲಿ ಒಟ್ಟಿಗೆ ನುಂಗಿದಾಗ ಮೈಯ ನೀರೆಲ್ಲ ಇಳಿದುಹೋಗುತ್ತದೆ. ಮಾತ್ರೆ ಜೋರಾದಷ್ಟೂ ಮಾರನೆಯ ಬೆಳಿಗ್ಗೆ ಅದರ ಭಯ ಹೆಚ್ಚು, ಮತ್ತೆ ಕರವಸ್ತ್ರದ ಗಂಟು. ಒಣಗಿದ ಮೈಯಲ್ಲಿ ಬೆಂಚಿನಿಂದ ಎದ್ದರೆ ಕಣ್ಣು ಕತ್ತಲೆ.

"ಸುತ್ತಿಕೊಂಡು ಬಂತು ನೋಡಿ ಅತ್ತೆ!" ಎಂದು ಡಾಕ್ಟರಮ್ಮ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದರು.

"ಸುತ್ತಿದ್ದು ಸಾಕು, ಅದನ್ನ ಆಮೇಲೆ ಒರೆಸು," ಎಂದರು ಅತ್ತೆ.

ಮಹಡಿಯ ಮನೆಯಿಂದ ತಮ್ಮ ಇಳಿದು ಬಂದ. ದಿನವೂ ಅಕ್ಕನ ಕೈಯ ಕಾಫಿ ಕುಡಿಯದೆ ಅವನಿಗೆ ಬೆಳಗಾಗುತ್ತಿರಲಿಲ್ಲ. ಫ್ರಿಜ್ಜನ್ನು ನೋಡಿ ಹುಬ್ಬೇರಿಸಿದ.

"ಏನಕ್ಕ, ಹಾಲು ಇಡೋ ಪೆಟ್ಟಿಗೆ ಮೇಲೆ ಯುದ್ಧ ಶುರುವಾಯ್ತಾ?"

"ನಿನ್ನ ಬೀದಿ ಉಳೀತು ಕಣೋ! ಜನ ಬೀಳೋದಕ್ಕೆ ನಿನ್ನ ಕಲ್ಲು ಕಾರಣ ಅಲ್ಲ. ನಿನ್ನ ಶೌಚಾಲಯಕ್ಕೆ ಯಾರೋ ಸುಳ್ಳು ಬೋರ್ಡು ತಗುಲಿಸ್ತಿರೋ ಹಾಗಿದೆ. ಅಲ್ಲಿ ನಿಜವಾಗಿ ರಿಪೇರಿ ನಡೀತಿದೆಯಾ?"

"ರಿಪೇರಿನಾ? ಇಲ್ಲಪ್ಪ. ಊರಿಗೇ ಅತ್ಯಂತ ಶುಚಿಯಾದ ಶೌಚಾಲಯ ಅಂತ ಅದಕ್ಕೆ ಬಹುಮಾನ ಬಂದಿದೆ." ತಮ್ಮ ಲೋಟದೊಳಗೆ ನೋಡುತ್ತ ಹೇಳಿದ. "ಆದ್ರೆ ಅಕ್ಕ, ಇಷ್ಟೊಂದು ತಲೆ ಕೆಡಿಸ್ಕೋಬೇಡ. ಹೋದ್ರೆ ಹೋಗ್ಲಿ ಬಿಡು. ಇನ್ನೊಂದು ಬೀದಿ ಮಾಡಿದ್ರಾಯ್ತು."

"ಥೂ, ಅಪಶಕುನ ನುಡೀಬೇಡ," ಎಂದು ಅತ್ತೆ ಅವನ ಬೆನ್ನಿಗೊಂದು ಗುದ್ದು ಕೊಟ್ಟರು. "ಆ ಬೀದಿ ಹೋದ್ರೆ ನಾನೆಲ್ಲಿ ಹೋಗ್ಲಿ?"

ತಮ್ಮ ನಕ್ಕ. ಸೋಲುವ ಮೊದಲೇ ಸೋಲಿಗೆ ಸಿದ್ಧನಾಗುವುದು ಇವನ ಹುಟ್ಟುಗುಣ ಎಂದುಕೊಂಡ ಡಾಕ್ಟರಮ್ಮ, ಅತ್ತೆಗೆ ಒಂದು ದೊಡ್ಡ ಲೋಟ ನೀರು ಕುಡಿಸಿ, ಅವರನ್ನೂ ಜೊತೆಗೆ ಹೊರಡಿಸಿದರು.

ಬೀದಿಯಲ್ಲಿ ಅಂಗಡಿಗಳ ಶಟರುಗಳು ಒಂದೊಂದಾಗಿ ಮೇಲೇಳುತ್ತಿದ್ದವು. ಎಳೆ ಮರಗಳ ನೆರಳು ಕಲ್ಲುಹಾಸಿನ ಮೇಲೆ ಬಿದ್ದಿತ್ತು. ಹಾರ್ನಿನ ಸದ್ದೇ ಇಲ್ಲದ್ದರಿಂದ ಕ್ಷೌರದಂಗಡಿಯೊಳಗಿನ ಕತ್ತರಿಯ ಸದ್ದೂ ಕೇಳುತ್ತಿತ್ತು.

ವಾಹನಗಳಿದ್ದ ಕಾಲದಲ್ಲಿ ಅತ್ತೆ ಈ ಬೀದಿ ದಾಟಲು ಹೆದರಿ ಮನೆಯಲ್ಲೇ ಉಳಿದುಬಿಟ್ಟಿದ್ದರು. ಕಿಟಕಿಯ ಪಕ್ಕದ ಕುರ್ಚಿಯೇ ಅವರ ಪ್ರಪಂಚವಾಗಿತ್ತು. ಮಾತು ಕಡಿಮೆಯಾಗಿತ್ತು, ಊಟ ಕಡಿಮೆಯಾಗಿತ್ತು. ಈಗ ಅವರಿಗೊಂದು ಬೆಂಚಿದೆ, ಆ ಬೆಂಚಿಗೊಂದು ಗುಂಪಿದೆ, ಊರಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಆ ಗುಂಪಿಗೆ ಮೊದಲು ಗೊತ್ತಾಗುತ್ತದೆ. ದಾರಿಯುದ್ದಕ್ಕೂ ಅವರಿವರನ್ನು ಮಾತಾಡಿಸುತ್ತ, ಒಬ್ಬರ ಮೊಮ್ಮಗನ ಕೆನ್ನೆ ಹಿಂಡುತ್ತ ನಡೆಯುತ್ತಿದ್ದ ಅತ್ತೆಯನ್ನು ನೋಡಿ ಡಾಕ್ಟರಮ್ಮನಿಗೆ ಮನಸ್ಸು ತುಂಬಿ ಬಂತು. ಸಂಜೆ ಸೋತರೆ ಅತ್ತೆ ಮತ್ತೆ ಆ ಕುರ್ಚಿಗೆ ವಾಪಸ್ಸು.

ಮೊದಲ ಅನುಮಾನ ಔಷಧಿ ಅಂಗಡಿಯ ಯಜಮಾನರ ಮೇಲೆ. ಶೌಚಾಲಯ ಅವರ ಅಂಗಡಿಯ ಎದುರಿಗೇ ಇತ್ತು. ವಾಹನಗಳು ವಾಪಸ್ಸು ಬರಬೇಕೆಂದು ಅಂಗಡಿಯ ಗಾಜಿಗೆ ದೊಡ್ಡ ಅಕ್ಷರದ ಪೋಸ್ಟರು ಅಂಟಿಸಿಕೊಂಡಿದ್ದವರೂ ಅವರೇ. ಮುಖ ಸದಾ ಕಹಿ ಔಷಧಿ ಕುಡಿದವರ ಹಾಗೆ.

"ಯಜಮಾನ್ರೇ, ಆ ನೀರಿನ ಮಾತ್ರೆ ಈಚೆಗೆ ಜಾಸ್ತಿ ಹೋಗ್ತಿದೆಯಾ?"

"ಜೋರಾಗೇ ಹೋಗ್ತಿದೆ. ಮೊದಲು ಅರ್ಧ ಬರೀತಿದ್ದ ಡಾಕ್ಟ್ರುಗಳು ಈಗ ಒಂದು ಬರೀತಾರೆ, ಒಂದು ಬರೀತಿದ್ದೋರು ಎರಡು. ಯಾಕೆ, ಅದೂ ತಪ್ಪಾ?"

"ಎದುರಿಗಿರೋ ಆ ಬೋರ್ಡು ಯಾರದ್ದು?"

ಯಜಮಾನರು ಕನ್ನಡಕ ಇಳಿಸಿ ದುರುಗುಟ್ಟಿದರು. "ಓಹೋ, ಹಾಗೆ ಬಂತಾ ಸವಾರಿ? ನೋಡಿ ಡಾಕ್ಟ್ರಮ್ಮ, ನನಗೆ ಗಾಡಿಗಳು ಬೇಕು, ನಿಜ. ಗಾಡಿ ನಿಲ್ಸಿ ಔಷಧಿ ತಗೊಂಡು ಹೋಗ್ತಿದ್ದೋರು ಈಗ ಬೇರೆ ಕಡೆ ಹೋಗ್ತಾರೆ. ಅದನ್ನ ನಾನು ಗಾಜಿನ ಮೇಲೆ ಬರೆದು ಅಂಟಿಸಿದ್ದೀನಿ, ಕದ್ದು ಮುಚ್ಚಿ ಮಾಡಿಲ್ಲ. ಆ ಬಾಗಿಲು ಮುಚ್ಚಿದ್ರೆ ನನಗೇನು ಲಾಭ? ನನಗೂ ವಯಸ್ಸಾಗಿದೆ. ನಾನೇ ಮನೆವರೆಗೂ ಓಡಬೇಕು, ಅಂಗಡಿ ಬಾಗಿಲು ಹಾಕ್ಕೊಂಡು!"

ಅಂಗಡಿಯ ಮೂಲೆಯಲ್ಲಿದ್ದ ನೀರಿನ ಬಾಟಲಿ ತುಂಬಿದ್ದು ತುಂಬಿದಂತೆಯೇ ಇತ್ತು. ಅದರ ಮುಚ್ಚಳದ ಮುದ್ರೆಯೂ ಒಡೆದಿರಲಿಲ್ಲ. ಡಾಕ್ಟರಮ್ಮ ಅದನ್ನು ನೋಡಿದರು, ಯಜಮಾನರನ್ನು ನೋಡಿದರು, ಮನಸ್ಸಿನಲ್ಲೇ ಅವರ ಹೆಸರು ಹೊಡೆದುಹಾಕಿದರು.

"ಸುಳ್ಳು ಬೋರ್ಡಾಗಿದ್ರೆ ಬಿಚ್ಚಬಾರದಿತ್ತಾ ನೀವೇ?"

"ನನಗೇನು ಗೊತ್ತು ಸುಳ್ಳೋ ನಿಜವೋ? ಊಟದ ಹೊತ್ತಿಗೆ ಬೋರ್ಡು ಇರಲ್ಲ, ಅಷ್ಟು ನೋಡಿದ್ದೀನಿ. ಆಗ ನಿಮ್ಮ ಅತ್ತೆಯಂಥೋರು ಯಾರೂ ಬೀದೀಲಿರಲ್ಲ."

ಡಾಕ್ಟರಮ್ಮನೂ ಅತ್ತೆಯೂ ಬೀದಿ ದಾಟಿ ಶೌಚಾಲಯದ ಬಾಗಿಲ ಬಳಿಗೆ ಬಂದರು. ಬೋರ್ಡು ಅಚ್ಚುಕಟ್ಟಾಗಿತ್ತು. ಕೆಂಪು ಅಕ್ಷರಗಳಿಗೆ ಈಚೆಗೆ ಮತ್ತೊಮ್ಮೆ ಬಣ್ಣ ಹಚ್ಚಿದಂತಿತ್ತು. ಅದು ನೇತಾಡುತ್ತಿದ್ದ ಕೊಕ್ಕೆ ಹಾಕಿ ತೆಗೆದು ಹಾಕಿ ತೆಗೆದು ಥಳಥಳ ಹೊಳೆಯುತ್ತಿತ್ತು. ದುರಸ್ತಿಯ ಗುರುತಿಗೆ ಒಂದು ಮುರಿದ ಇಟ್ಟಿಗೆಯಾಗಲಿ, ಒಂದು ಚಮಚ ಸಿಮೆಂಟಾಗಲಿ ಅಕ್ಕಪಕ್ಕದಲ್ಲಿ ಇರಲಿಲ್ಲ.

ಡಾಕ್ಟರಮ್ಮ ಬಾಗಿಲಿಗೆ ಕಿವಿಗೊಟ್ಟರು. ಒಳಗೆ ನೀರು ಹರಿಯುತ್ತಿತ್ತು. ಜೊತೆಗೆ ಯಾರೋ ಗುನುಗುತ್ತಿದ್ದರು, ಅದೂ ಬಹಳ ಸುಖವಾಗಿ.

ಬಾಗಿಲು ತಟ್ಟಿದರು.

"ರಿಪೇರಿ!" ಎಂದಿತು ಒಳಗಿನ ಧ್ವನಿ.

"ಏನು ರಿಪೇರಿ?"

ಗುನುಗು ನಿಂತಿತು. "ದೊಡ್ಡ ರಿಪೇರಿ!"

"ಆರೋಗ್ಯ ಕಚೇರಿಯಿಂದ ಬಂದಿದ್ದೀವಿ. ಬಾಗಿಲು ತೆಗೀರಿ."

ಚಿಲಕ ಸರಿಯಿತು. ಬಾಗಿಲ ಸಂದಿಯಲ್ಲಿ ಮೊದಲು ಒಂದು ಪೊರಕೆ, ಆಮೇಲೆ ಅದನ್ನು ಕತ್ತಿಯ ಹಾಗೆ ಹಿಡಿದ ಹೆಂಗಸೊಬ್ಬಳು ಕಾಣಿಸಿದಳು. ಶೌಚಾಲಯ ನೋಡಿಕೊಳ್ಳುವವಳು ಅವಳೇ. ಅವಳು ತೊಳೆದ ನೆಲದಲ್ಲಿ ಮುಖ ಕಾಣುತ್ತದೆಂದು ಬೀದಿಯವರೆಲ್ಲ ಅವಳನ್ನು ಕನ್ನಡಿ ಎಂದೇ ಕರೆಯುತ್ತಿದ್ದರು.

"ಒಳಗೆ ಬರೋದಾದ್ರೆ ಚಪ್ಪಲಿ ಬಿಚ್ಚಿ ಬನ್ನಿ," ಎಂದಳು ಕನ್ನಡಿ.

ಹೆಸರು ಸುಳ್ಳಾಗಿರಲಿಲ್ಲ. ನೆಲದಲ್ಲಿ ಅತ್ತೆಯ ಮುಖ ಕನ್ನಡಕದ ಸಮೇತ ಕಂಡಿತು. ನಲ್ಲಿಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಕಿಟಕಿಯ ಕಟ್ಟೆಯ ಮೇಲೆ ಎರಡು ಹೂವಿನ ಕುಂಡ. ಒಂದು ಚೂರು ಕೊಳೆಯಿಲ್ಲ. ಒಬ್ಬ ಮನುಷ್ಯ ಬಂದುಹೋದ ಗುರುತೂ ಇಲ್ಲ.

"ಬೋರ್ಡು ಹಾಕಿದ್ದು ಯಾರಮ್ಮ?" ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

"ಯಾವ ಬೋರ್ಡು?"

ಅತ್ತೆ ಕಿಸಕ್ಕೆಂದರು. ಬೆಳಿಗ್ಗೆ ತಾವೂ ಹೀಗೇ ಕೇಳಿದ್ದು ನೆನಪಾಗಿರಬೇಕು.

"ಬೆಳಿಗ್ಗೆ ನೇತುಹಾಕಿ ಊಟದ ಹೊತ್ತಿಗೆ ತೆಗೆಯೋ ಬೋರ್ಡು. ಅಂಗಡಿಯೋರು ನೋಡಿದ್ದಾರೆ. ಒಳಗೆ ನಲ್ಲಿ ಓಡ್ತಿದೆ, ಬಾಗಿಲು ಗಟ್ಟಿಯಿದೆ. ಏನು ರಿಪೇರಿ ಅಂತ ಹೇಳಿದ್ರೆ ನಾನು ಹೊರಟುಹೋಗ್ತೀನಿ."

ಕನ್ನಡಿ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಫೋಟೋದೋರಿಗೋಸ್ಕರ," ಎಂದಳು.

"ಯಾರು ಫೋಟೋದೋರು?"

"ನೈರ್ಮಲ್ಯ ವಿಭಾಗದ ಇನ್ಸ್‌ಪೆಕ್ಟರು. ಊಟದ ಹೊತ್ತಿಗೆ ಬರ್ತಾರೆ, ಅಷ್ಟರಲ್ಲಿ ಬೋರ್ಡು ತೆಗೆದಿರ್ತೀನಿ. ನೆಲದ ಫೋಟೋ, ಗೋಡೆ ಫೋಟೋ ತೆಗೀತಾರೆ. ಹೊಳೆದ್ರೆ ಮಾರ್ಕು. ಒಂದು ಕಲೆ ಇದ್ರೂ ಮಾರ್ಕು ಕಟ್. ಮಾರ್ಕು ಕಡಿಮೆ ಬಂದೋರನ್ನ ಬಸ್ ನಿಲ್ದಾಣಕ್ಕೆ ಹಾಕ್ತಾರೆ, ಊರಿನ ಆ ತುದಿಗೆ." ಕನ್ನಡಿಯ ಧ್ವನಿ ಏರಿತು. "ನಮ್ಮಪ್ಪ ಹಾಸಿಗೆ ಹಿಡಿದಿದ್ದಾರೆ ಡಾಕ್ಟ್ರೇ. ಇಲ್ಲಿಂದಾದ್ರೆ ಮನೆ ಹತ್ರ. ನಡುವೆ ಓಡಿಹೋಗಿ ಊಟ ಮಾಡಿಸಿ ಬರ್ತೀನಿ. ಬಸ್ ನಿಲ್ದಾಣಕ್ಕೆ ಹಾಕಿದ್ರೆ ಅವರಿಗೆ ಯಾರು ದಿಕ್ಕು?"

"ಅದಕ್ಕೆ ಬಾಗಿಲೇ ಹಾಕಿಬಿಟ್ರಾ?"

"ಮತ್ತೇನು ಮಾಡ್ಲಿ? ಬೆಳಿಗ್ಗೆ ಎದ್ದು ಇಷ್ಟು ಚೆನ್ನಾಗಿ ತೊಳೆದಿರ್ತೀನಿ. ಆಮೇಲೆ ಜನ ಬರ್ತಾರೆ, ಎಲ್ಲ ಗಲೀಜು. ಯಾರೂ ಬಳಸದೇ ಇದ್ರೆ ಶೌಚಾಲಯ ಎಷ್ಟು ಚೆನ್ನಾಗಿರುತ್ತೆ ನೀವೇ ನೋಡಿ!"

ಡಾಕ್ಟರಮ್ಮ ನೋಡಿದರು. ಅವಳ ಮಾತು ನೂರಕ್ಕೆ ನೂರು ಸತ್ಯವಾಗಿತ್ತು. ಅವರಿಗೆ ಸಿಟ್ಟು ಬರಲೇಬೇಕಿತ್ತು, ಆದರೆ ನಗು ಬಂತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಅತ್ತೆಯೂ ಶುರು ಮಾಡಿದರು. ಕನ್ನಡಿ ಇಬ್ಬರನ್ನೂ ಮಿಕಿಮಿಕಿ ನೋಡಿದಳು.

"ನಗ್ಬೇಡಿ ಡಾಕ್ಟ್ರೇ. ಏನು ತಪ್ಪಾಗಿದೆ ಹೇಳಿ."

ಡಾಕ್ಟರಮ್ಮ ಕಣ್ಣೊರೆಸಿಕೊಂಡು, ಅಲ್ಲೇ ಹೊಸ್ತಿಲ ಮೇಲೆ ಅವಳ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದರು. ಕರವಸ್ತ್ರದ ಗಂಟು, ಒಣಗಿದ ಬಾಯಿ, ಏರಿದ ಬಿ.ಪಿ., ಜೋರಾದ ಮಾತ್ರೆ, ಬೆಂಚಿನ ಮುಂದೆ ಬಿದ್ದ ಮುದುಕರು. ಕೇಳುತ್ತ ಕೇಳುತ್ತ ಕನ್ನಡಿಯ ಮುಖ ಬಾಡಿತು.

"ಹಾಗಾದ್ರೆ ಅವರೆಲ್ಲ ಬಿದ್ದಿದ್ದು ನನ್ನಿಂದಾನಾ?"

"ನಿಮ್ಮಿಂದ ಅಲ್ಲಮ್ಮ. ನೀವು ಅಪ್ಪನ್ನ ನೋಡ್ಕೊಂಡ್ರಿ. ಇನ್ಸ್‌ಪೆಕ್ಟರು ಶುಚಿ ನೋಡಿದ್ರು. ಆಸ್ಪತ್ರೆಯೋರು ಬಿ.ಪಿ. ನೋಡಿದ್ರು. ನಮ್ಮತ್ತೆ ಮರ್ಯಾದೆ ನೋಡ್ಕೊಂಡ್ರು. ಒಬ್ಬೊಬ್ಬರು ತಮ್ಮ ಕೆಲಸ ಸರಿಯಾಗೇ ಮಾಡಿದ್ದಾರೆ. ಪಕ್ಕದೋರಿಗೆ ಅದರಿಂದ ಏನಾಗುತ್ತೆ ಅಂತ ಯಾರೂ ಕೇಳಲಿಲ್ಲ, ಅಷ್ಟೇ."

"ಈಗ ನನ್ನ ಕೆಲಸ?"

"ಎಲ್ಲೂ ಹೋಗಲ್ಲ. ಇನ್ಸ್‌ಪೆಕ್ಟರಿಗೆ ನಾನೇ ಫೋನ್ ಮಾಡ್ತೀನಿ. ಹೊಳಪಿಗೆ ಮಾರ್ಕು ಕೊಡೋ ಬದಲು ಎಷ್ಟು ಜನ ಒಳಗೆ ಹೋಗಿ ನೆಮ್ಮದಿಯಾಗಿ ಹೊರಗೆ ಬಂದ್ರು ಅಂತ ಮಾರ್ಕು ಕೊಡಿ ಅಂತೀನಿ. ಕೊಡದಿದ್ರೆ ನಮ್ಮತ್ತೆಯ ಬೆಂಚಿನೋರನ್ನೆಲ್ಲ ಅವರ ಕಚೇರಿಗೇ ಕಳಿಸ್ತೀನಿ, ನೀರು ಕುಡಿಸಿ!"

ಕನ್ನಡಿ ಫಕ್ಕನೆ ನಕ್ಕಳು. ಎದ್ದು ಹೋಗಿ ಬೋರ್ಡನ್ನು ಕೊಕ್ಕೆಯಿಂದ ಬಿಚ್ಚಿದಳು. ಒಂದು ಗಳಿಗೆ ಅದನ್ನು ಎದೆಗವಚಿಕೊಂಡು ನಿಂತು, ತಾನು ತೊಳೆದ ನೆಲವನ್ನು ಕೊನೆಯ ಸಲ ನೋಡುವವಳಂತೆ ನೋಡಿದಳು. ಆಮೇಲೆ ಅತ್ತೆಯ ಕಡೆ ತಿರುಗಿ, "ಬನ್ನಿ ಅಮ್ಮ. ನೀವೇ ಮೊದಲು," ಎಂದಳು.

ಅತ್ತೆ ಒಳಗೆ ಹೋದ ಗತ್ತನ್ನು ನೋಡಬೇಕಿತ್ತು. ಹೊರಗೆ ಬಂದಾಗಲಂತೂ ಚುನಾವಣೆ ಗೆದ್ದವರ ಹಾಗಿದ್ದರು. ನೇರ ಬೆಂಚಿನ ಕಡೆ ನಡೆದು ಕೈಯೆತ್ತಿ ಕೂಗಿದರು. "ಏಳ್ರೇ ಎಲ್ಲ! ಬಾಗಿಲು ತೆಗೆದಿದೆ!"

ಔಷಧಿ ಅಂಗಡಿಯ ಯಜಮಾನರು ಎಲ್ಲರಿಗಿಂತ ಮುಂದೆ ಓಡಿಬಂದರು.

ಡಾಕ್ಟರಮ್ಮ ಬಹಳ ದಿನಗಳ ಮೇಲೆ ಹಗುರವಾಗಿ ನಡೆದರು. ಮಧ್ಯಾಹ್ನದೊಳಗೆ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದ್ದೂ ಆಯಿತು, ಆಸ್ಪತ್ರೆಯ ಡಾಕ್ಟರುಗಳ ಜೊತೆ ಕೂತು ಮಾತ್ರೆಯ ವಿಷಯ ಮಾತಾಡಿದ್ದೂ ಆಯಿತು. ಸಂಜೆ ಸಭೆಯಲ್ಲಿ ಎದ್ದು ನಿಂತು ಏನು ಹೇಳಬೇಕೆಂದು ಪೂರಾ ಬಾಯಿಪಾಠವಾಗಿತ್ತು. ತಮ್ಮನ ಮುಖ ಅರಳುವುದನ್ನು ಈಗಲೇ ಕಂಡಂತಾಗಿ ತುಟಿಯ ಮೇಲೆ ನಗು ಮೂಡಿತು.

ಒಂದೇ ಒಂದು ಕೆಲಸ ಬಾಕಿಯಿತ್ತು. ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಬಿದ್ದವರು ಸಂಗೀತದ ಟೀಚರು. ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಜ್ವರದಲ್ಲಿ ಮಲಗಿದ್ದವರಿಗೆ ಇವತ್ತು ಮೈ ಹಗುರವಾಗಿದೆ ಎಂದು ನರ್ಸು ಹೇಳಿದ್ದರು. ಅವರ ಬಾಯಿಂದಲೂ ಒಂದು ಮಾತು ಕೇಳಿದರೆ ಸುತ್ತು ಪೂರ್ತಿಯಾದಂತೆ.

ಟೀಚರು ದಿಂಬಿಗೊರಗಿ ಕೂತು, ಆಸ್ಪತ್ರೆಯ ಗಂಜಿಯನ್ನು ಶತ್ರುವನ್ನು ನೋಡುವ ಹಾಗೆ ನೋಡುತ್ತಿದ್ದರು. ಡಾಕ್ಟರಮ್ಮನಿಗೂ ತಮ್ಮನಿಗೂ ಚಿಕ್ಕಂದಿನಲ್ಲಿ ಹಾಡು ಹೇಳಿಕೊಟ್ಟವರು ಅವರೇ. ಅಕ್ಕನಿಗೆ ಕಂಠವಿಲ್ಲ, ತಮ್ಮನಿಗೆ ತಾಳವಿಲ್ಲ ಎಂದು ಇಬ್ಬರನ್ನೂ ಓಡಿಸಿದ್ದವರೂ ಅವರೇ.

"ಟೀಚರ್, ನಿಜ ಹೇಳಿ. ನೀವೂ ಬೀದಿಗೆ ಬರೋವಾಗ ಬಿ.ಪಿ. ಮಾತ್ರೆ ನುಂಗ್ತಿರಲಿಲ್ಲ, ಅಲ್ವಾ?"

"ಯಾವ ಮಾತ್ರೆ?"

ಇವತ್ತು ಎಲ್ಲರದ್ದೂ ಇದೇ ಪಲ್ಲವಿ ಎಂದು ಡಾಕ್ಟರಮ್ಮ ನಕ್ಕರು. "ಬೈಯಲ್ಲ, ಹೇಳಿ. ನೀರು ಕುಡೀದೆ, ಮಾತ್ರೆ ಬಿಟ್ಟು, ಬೆಂಚಿನಿಂದ ಎದ್ದಾಗ ತಲೆ ತಿರುಗಿತು. ಹೌದಾ?"

"ತಲೆ ತಿರುಗೋದು ನಿನಗೆ!" ಟೀಚರು ಚಮಚ ಕುಕ್ಕಿದರು. "ನನಗೆ ಬಿ.ಪಿ.ನೂ ಇಲ್ಲ, ಗಿ.ಪಿ.ನೂ ಇಲ್ಲ. ಜನ್ಮದಲ್ಲಿ ಮಾತ್ರೆ ನುಂಗಿದೋಳಲ್ಲ. ಬೆಂಚಿನ ಮೇಲೂ ಕೂತಿರಲಿಲ್ಲ. ಟೇಪು ತೊಡರಿ ಬಿದ್ದೆ."

"ಟೇಪಾ?"

"ಅಳತೆ ಟೇಪು. ಬೆಳಗಿನ ವಾಕಿಂಗಿಗೆ ಬಂದಿದ್ದೆ. ಇನ್ನೂ ಮಬ್ಬು ಬೆಳಕು. ಬೀದಿಗೆ ಅಡ್ಡಡ್ಡ ಟೇಪು ಹಿಡಿದು ಅಳೀತಿದ್ರು. ಗಾಡಿ ಹೋಗೋ ಅಗಲಕ್ಕೆ ಕಲ್ಲಿನ ಮೇಲೆ ಬಿಳಿ ಗುರುತು ಹಾಕ್ತಿದ್ರು. ಹೊಸ ಕಲ್ಲಿಗೆ ಬಣ್ಣ ಯಾಕ್ರೋ ಅಂತ ಬೈಯೋಕೆ ಹೋದೆ, ನೋಡದೆ ಕಾಲಿಟ್ಟೆ, ಬಿದ್ದೆ."

ಡಾಕ್ಟರಮ್ಮನ ನಗು ತುಟಿಯ ಮೇಲೇ ನಿಂತಿತು. ಬೀದಿಯನ್ನು ವಾಹನಗಳಿಗೆ ಬಿಡುವ ಮಾತು ಹುಟ್ಟಿದ್ದೇ ಜನ ಬೀಳತೊಡಗಿದ ಮೇಲೆ. ಟೀಚರಿಗಿಂತ ಮೊದಲು ಯಾರೂ ಬಿದ್ದಿರಲಿಲ್ಲ.

"ಯಾರು ಅಳೀತಿದ್ರು ಟೀಚರ್?"

"ಒಬ್ಬ ಯಾರೋ ಕೂಲಿಯೋನು, ಗೊತ್ತಿಲ್ಲ. ಇನ್ನೊಂದು ತುದಿ ಹಿಡಿದಿದ್ದು ನಿನ್ನ ತಮ್ಮ. ನನ್ನನ್ನ ಎತ್ತಿ ಆಸ್ಪತ್ರೆಗೆ ತಂದು ಹಾಕಿದ್ದೂ ಅವನೇ. ಪಾಪ, ಅತ್ತುಬಿಟ್ಟ. ಯಾರಿಗೂ ಹೇಳ್ಬೇಡಿ ಟೀಚರ್ ಅಂದ. ಅವನ ಬೀದಿ ಅವನು ಅಳೀತಾನೆ, ಅದರಲ್ಲೇನಿದೆ ಗುಟ್ಟು? ಅಲ್ವಾ?"

ಡಾಕ್ಟರಮ್ಮ ಮೊಬೈಲು ತೆಗೆದು ತಮ್ಮನ ನಂಬರು ಹುಡುಕಿದರು.

"ಅಕ್ಕ."

ಬಾಗಿಲಲ್ಲಿ ತಮ್ಮ ನಿಂತಿದ್ದ. ಕೈಯಲ್ಲಿ ಟೀಚರಿಗೆಂದು ತಂದ ಹಣ್ಣಿನ ಚೀಲ. ಅಕ್ಕನ ಮುಖ ನೋಡಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತು. ಚೀಲವನ್ನು ಮೇಜಿನ ಮೇಲಿಟ್ಟು, ಅಕ್ಕನ ಕೈ ಹಿಡಿದು ಹೊರಗೆ ಕರೆತಂದ.

"ನಿನ್ನ ಬೀದೀನ ನೀನೇ ಕೆಡವೋಕೆ ಹೊರಟಿದ್ಯಲ್ಲೋ," ಎಂದು ಡಾಕ್ಟರಮ್ಮ ಕೈ ಬಿಡಿಸಿಕೊಂಡರು. "ನಾನು ಹಗಲೂ ರಾತ್ರಿ ಅದನ್ನ ಉಳಿಸೋಕೆ ಒದ್ದಾಡ್ತಿದ್ರೆ ನೀನು ಕಾಫಿ ಕುಡೀತಾ ನೋಡ್ತಾ ಕೂತಿದ್ಯಾ? ಯಾರು ದುಡ್ಡು ಕೊಟ್ರು?"

"ಯಾರೂ ಕೊಡಲಿಲ್ಲ. ಅಕ್ಕ, ಇಷ್ಟೆಲ್ಲ ಸುತ್ತು ಬಿಡಿಸಿದ್ಯಲ್ಲ, ಒಂದು ಹೇಳು. ನಾನು ಆ ಬೀದಿಯಿಂದ ಓಡಿಸಿದ ಗಾಡಿಗಳೆಲ್ಲ ಎಲ್ಲಿಗೆ ಹೋದ್ವು?"

ಆ ಪ್ರಶ್ನೆಯನ್ನು ಡಾಕ್ಟರಮ್ಮ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ತಮ್ಮ ಮುಂದೆ ನಡೆದು, ವರಾಂಡದ ಕೊನೆಯಲ್ಲಿದ್ದ ಮಕ್ಕಳ ವಾರ್ಡಿನ ಬಾಗಿಲು ತಳ್ಳಿದ. ಒಂದು ಮಂಚವೂ ಖಾಲಿಯಿರಲಿಲ್ಲ. ಕೆಲವದರ ಮೇಲೆ ಇಬ್ಬಿಬ್ಬರು ಮಲಗಿದ್ದರು. ಪುಟ್ಟ ಮುಖಗಳ ಮೇಲೆ ಔಷಧಿಯ ಆವಿಯ ಮಾಸ್ಕು. ತಾಯಂದಿರು ಎದೆ ನೀವುತ್ತ ಕೂತಿದ್ದರು.

"ಎಲ್ಲ ನಡಿಗೆ ಬೀದಿಯ ಹಿಂದಿನ ಗಲ್ಲಿಯ ಮಕ್ಕಳು," ಎಂದ ತಮ್ಮ. "ಗಾಡಿಗಳೆಲ್ಲ ಈಗ ಇವರ ಮನೆ ಕಿಟಕಿ ಕೆಳಗೆ ನಿಂತು ಹೊಗೆ ಉಗುಳ್ತಿವೆ. ಬೀದಿ ಶುರುವಾದ ವಾರವೇ ನನಗೆ ಗೊತ್ತಾಯ್ತು. ಗಾಡಿ ವಾಪಸ್ಸು ಬಿಡೋಕೆ ಅಂತಲೇ ಅಳೆದದ್ದು, ಬಾಯಿಬಿಟ್ಟು ಹೇಳೋ ಧೈರ್ಯ ಮಾತ್ರ ಬರಲಿಲ್ಲ. ಸಂಜೆ ನೀನು ಗೆದ್ರೆ ಅತ್ತೆಗೆ ಬೆಂಚು ಉಳಿಯುತ್ತೆ. ಇವರಿಗೆ?"

ಡಾಕ್ಟರಮ್ಮ ಹತ್ತಿರದ ಮಂಚದ ಪಕ್ಕದಲ್ಲಿ ಮೆಲ್ಲಗೆ ಕೂತರು. ಸ್ಟೆತಾಸ್ಕೋಪನ್ನು ಮಗುವಿನ ಎದೆಗಿಟ್ಟು ಕಣ್ಣು ಮುಚ್ಚಿದರು. ಪ್ರತಿ ಉಸಿರಿಗೂ ಒಳಗೆ ಸಣ್ಣಗೆ ಸೀಟಿ ಊದಿದಂತಾಗುತ್ತಿತ್ತು. ಅವರ ಮೊಬೈಲು ರಿಂಗಾಯಿತು. ಸಭೆ ಶುರುವಾಗಿದೆ, ಮೊದಲು ನೀವೇ ಮಾತಾಡಬೇಕು, ಬೇಗ ಬನ್ನಿ ಎಂದು ಕಚೇರಿಯವರು ಕರೆಯುತ್ತಿದ್ದರು.